ತುಳಸಾಬಾಯಿ ಬರೆದುಕೊಡದ ದೂರು

ಜಮಖಂಡಿಯ ಬಸ್ ನಿಲ್ದಾಣಕ್ಕೆ ಬರುವವರಲ್ಲಿ ತುಳಸಾಬಾಯಿಯವರ ಮುಖ ಗೊತ್ತಿದ್ದವರು ಕಡಿಮೆ, ದನಿ ಗೊತ್ತಿಲ್ಲದವರು ಇಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಶುರುವಾಗುವ ಆ ದನಿ, ಪ್ರತಿ ವಾಕ್ಯದ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು ಬಿಡುತ್ತಿತ್ತು. ಮನೆಯಲ್ಲಿ ಮರಾಠಿ ಆಡುವವರ ಕನ್ನಡದಲ್ಲಿ ಬರುವ ಎಳೆತ ಅದು. ಬಸ್ ಡ್ರೈವರ್ ಆಗಿದ್ದ ಗಂಡ ಜ್ಞಾನೇಶ್ವರ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅನುಕಂಪದ ನೌಕರಿ ಸಿಕ್ಕಿತ್ತು. ಮೊದಲ ಸಲ ಮೈಕಿನ ಮುಂದೆ ಕೂತ ದಿನ ನಾಲಿಗೆ ತಡವರಿಸಿ, ಹೊರಗೆ ಯಾರೋ ಅದನ್ನೇ ಅಣಕಿಸಿ ನಕ್ಕಿದ್ದರು. ಆ ಸಂಜೆ ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದು ನಿಂತು ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂದು ಗಂಟಲು ಹರಿಯುವಷ್ಟು ರೂಢಿ ಮಾಡಿದರು. ಮರುದಿನ ತಡವರಿಸಲಿಲ್ಲ. ಎಳೆತ ಮಾತ್ರ ಉಳಿಯಿತು. ಇರಲಿ ಬಿಡು ಎಂದು ಅವರೂ ಅದನ್ನು ಉಳಿಸಿಕೊಂಡರು.

ಕಳೆದ ಮಾಘದ ಒಂದು ಮಧ್ಯಾಹ್ನ ತುಳಸಾಬಾಯಿ ಬಾಟಲಿಗೆ ನೀರು ತುಂಬಿಸಿಕೊಳ್ಳಲು ನಲ್ಲಿಯ ಕಡೆ ಹೋದರು. ಮೈಕಿನ ಕೋಣೆಯ ಬಾಗಿಲು ಹಾಕಿರಲಿಲ್ಲ. ಬಾಟಲಿ ಅರ್ಧವೂ ತುಂಬಿರಲಿಲ್ಲ, ನಿಲ್ದಾಣದ ತುಂಬ ಅವರದೇ ದನಿ ಕೇಳಿಸಿತು.

"ಪ್ರಯಾಣಿಕರ ಗಮನಕ್ಕೆ. ಬನಹಟ್ಟಿ ಮಾರ್ಗವಾಗಿ ಸಿಂಗಾಪುರಕ್ಕೆ ಹೋಗುವ ಬಸ್ಸು ಇನ್ನೇನು ಹೊರಡಲಿದೇ... ಸೀಟಿಗೆ ಟವೆಲ್ ಹಾಕಿದವರು ಆ ಟವೆಲ್ಲನ್ನು ಅಲ್ಲಿಯೇ ಒಗೆದುಕೊಂಡು ಬರತಕ್ಕದ್ದೂ... ಬೀಳಗಿ ಬಸ್ಸಿನ ಚಾಲಕರು ಮಿರ್ಚಿ ತಿನ್ನುತ್ತಿದ್ದು, ತಟ್ಟೆ ಖಾಲಿಯಾಗುವ ತನಕ ಬಸ್ಸು ಹೊರಡುವುದಿಲ್ಲಾ..."

ನಿಲ್ದಾಣವೆಲ್ಲ ನಗೆಯಲ್ಲಿ ಮುಳುಗಿತು. ಬಾಳೆಹಣ್ಣಿನವಳು ಹೊಟ್ಟೆ ಹಿಡಿದುಕೊಂಡು ಕೂತಳು. ತುಳಸಾಬಾಯಿಗೆ ಮಾತ್ರ ನಗು ಬರಲಿಲ್ಲ. ಸಿಂಗಾಪುರದ ಮಾತು ಹೋಗಲಿ, ಆ ಎಳೆತ! ಮೊದಲ ದಿನ ನಕ್ಕವರೇ ಇಷ್ಟು ವರ್ಷದ ಮೇಲೆ ಮತ್ತೆ ಬಂದು ನಿಂತ ಹಾಗೆ ಅನಿಸಿ ಮುಖ ಬಿಸಿಯಾಯಿತು.

ಅವರು ಓಡಿ ಬರುವಷ್ಟರಲ್ಲಿ ನಿಲ್ದಾಣದ ಮುಖ್ಯಸ್ಥ ನೀಲಕಂಠ ಇಬ್ಬರು ಹುಡುಗಿಯರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು. ಇಬ್ಬರೂ ಊರಿನಲ್ಲಿ ಪಿಯುಸಿ ಓದುವವರು. ಮೈಕು ಹಿಡಿದವಳು ಬನಹಟ್ಟಿಯ ನೂಲಿನ ವ್ಯಾಪಾರಿಯ ಮಗಳು ಪೂರ್ವಾ. ಹೊರಗೆ ನಿಂತು ಮೊಬೈಲಿನಲ್ಲಿ ಅದನ್ನು ಹಿಡಿದವಳು ಚಿಕ್ಕಪಡಸಲಗಿಯ ಕಾವೇರಿ. ನೀಲಕಂಠ ಆಗಲೇ ಪೊಲೀಸರಿಗೆ ಫೋನ್ ಮಾಡಿಯಾಗಿತ್ತು, ಪೂರ್ವಾಳ ತಂದೆ ವಿಶ್ವಾಸರಿಗೂ ಮಾಡಿಯಾಗಿತ್ತು.

"ಬಾಯಾರ, ಒಂದು ಕಂಪ್ಲೇಂಟ್ ಬರದು ಕೊಡ್ರಿ. ದನಿ ನಿಮ್ಮದು, ಮೈಕ್ ನಿಮ್ಮ ತಾಬಾದಾಗಿದ್ದದ್ದು. ನೀವ ಕೊಡಬೇಕಾಗತೈತಿ," ಎಂದು ನೀಲಕಂಠ ಹಾಳೆ ಮುಂದೆ ಸರಿಸಿದರು.

ತುಳಸಾಬಾಯಿ ಹಾಳೆ ಮುಟ್ಟಲಿಲ್ಲ. ಪೂರ್ವಾಳ ಕಡೆ ತಿರುಗಿದರು. "ನನ್ನ ಹಂಗ ಮಾತಾಡಾಕ ಎಲ್ಲಿ ಕಲ್ತಿ?"

ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು, "ಕಲ್ತಿಲ್ರಿ. ನಮ್ಮ ಆಜಿ ಹಿಂಗ ಮಾತಾಡತಾಳ್ರಿ. ನಿಮ್ಮ ದನಿ ಕೇಳಿದಾಗೆಲ್ಲಾ ಆಕಿನ ನೆನಪ ಆಗತಾಳು."

ತುಳಸಾಬಾಯಿಯ ಸಿಟ್ಟು ಇಳಿಯಲಿಲ್ಲ, ಆದರೆ ಈಗ ಅದು ಮನೆಯ ಹುಡುಗಿಯ ಮೇಲೆ ಬರುವಂಥ ಸಿಟ್ಟಾಯಿತು. ಅಷ್ಟರಲ್ಲಿ ಹೊರಗಿನಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ತುಬಚಿಯ ಇಂದ್ರವ್ವ. ಬೀಳಗಿಯಲ್ಲಿ ಮರುದಿನ ಮಗಳ ಕುಬಸ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಡ್ರೈವರ್ ಮಿರ್ಚಿ ತಿನ್ನುತ್ತಿದ್ದಾನೆ ಎಂದು ಮೈಕಿನಲ್ಲಿ ಕೇಳಿ, ಗಂಟನ್ನು ಸೀಟಿನ ಮೇಲಿಟ್ಟು ಹೂವು ತರಲು ಇಳಿದಿದ್ದಳು. ಡ್ರೈವರ್ ಮಿರ್ಚಿ ತಿನ್ನುತ್ತಿರಲೇ ಇಲ್ಲ. ಬಸ್ಸು ಹೋಗಿಬಿಟ್ಟಿತು, ಗಂಟೂ ಹೋಯಿತು.

"ಯವ್ವಾ, ನೀನ ಹೇಳಿದಿ, ತಾಟ ಖಾಲಿ ಆಗೂ ತನಕ ಬಸ್ ಬಿಡೂದಿಲ್ಲ ಅಂತ! ಮಗಳ ಸೀರಿ ಅದರಾಗ ಐತಿ!"

ಕಾವೇರಿ ಅಳತೊಡಗಿದಳು. ಪೂರ್ವಾಳ ಮುಖ ಬಿಳುಚಿತು. ತಮಾಷೆಯ ಇನ್ನೊಂದು ತುದಿಯಲ್ಲಿ ಒಂದು ಜೀವ ಇರಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ.

ತುಳಸಾಬಾಯಿ ಮೊದಲು ಬೀಳಗಿಯ ನಿಲ್ದಾಣಕ್ಕೆ ಫೋನ್ ಹಚ್ಚಿ, ಬರುವ ಬಸ್ಸಿನಿಂದ ಗಂಟು ಇಳಿಸಿ ಇಟ್ಟುಕೊಳ್ಳಲು ಹೇಳಿದರು. ಇಂದ್ರವ್ವನಿಗೆ ಕುರ್ಚಿ ಕೊಟ್ಟು, ಆ ದನಿ ತಮ್ಮದಲ್ಲ, ಈ ಹುಡುಗಿಯರದು ಎಂದು ತಿಳಿಸಿ ಹೇಳಿದರು. ಆ ಹೊತ್ತಿಗೆ ಎಎಸ್‌ಐ ಅಮಸಿದ್ದಪ್ಪ ಬಂದರು.

ಅವರು ಒರಟು ಮನುಷ್ಯರಲ್ಲ. ಎಲ್ಲವನ್ನೂ ಕೇಳಿ ಹೇಳಿದರು, "ಕಂಪ್ಲೇಂಟ್ ಕೊಟ್ರ ನಾ ತಗೋಬೇಕಾಗತೈತ್ರಿ. ಕೊಡೂದಿಲ್ಲಂದ್ರ, ಒಂದೀಟು ಹೊತ್ತು ಠಾಣ್ಯಾಗ ಕುಂದ್ರಿಸಿ ಕಳಸ್ತೇನಿ. ಹೆದರಿಕಿ ಆದ್ರ ಬುದ್ಧಿ ಬರತೈತಿ."

ನೀಲಕಂಠರಿಗೆ ಫೋನು ಬಂತು. ಅತ್ತಲಿಂದ ವಿಶ್ವಾಸ. ಮಗಳನ್ನು ಬಿಡಿ ಎಂದು ಗೋಗರೆಯುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ಸ್ಪೀಕರಿನಲ್ಲಿ ಕೂಗಿದರು, "ಸಾಹೇಬ್ರ, ಪೊಲೀಸ್ರ ಕೈಯಾಗ ಕೊಟ್ಟುಬಿಡ್ರಿ! ಮನ್ಯಾಗ ನಮ್ಮ ಮಾತ ಕೇಳವಲ್ಲಳು. ಅವರ ಕಲಸಲಿ!"

ತುಳಸಾಬಾಯಿ ಫೋನು ಇಸಿದುಕೊಂಡರು. "ನಾ ತುಳಸಾಬಾಯಿ ಮಾತಾಡತೇನಿ. ಮಗಳಿಗೆ ಬುದ್ಧಿ ಹೇಳೋದು ನಿಮ್ಮ ಕೆಲಸ ಅದ. ಪೊಲೀಸರ ಮ್ಯಾಲೆ ಯಾಕ ಹಾಕತೀರಿ? ಅಂಗಡಿ ಬಿಟ್ಟು ಇಲ್ಲಿಗೆ ಬರ್ರಿ." ಫೋನು ಇಟ್ಟು ಅಮಸಿದ್ದಪ್ಪನವರ ಕಡೆ ತಿರುಗಿದರು. "ಸಾಹೇಬ್ರ, ಠಾಣ್ಯಾಗ ಕೂತು ಬಂದ ಹುಡುಗಿ ಅಂತ ಓಣ್ಯಾಗ ಒಂದ ಮಾತ ಹುಟ್ಟತದ. ಅದನ್ನ ಅಳಸಾಕ ನಿಮ್ಮ ಹತ್ರ ಏನರ ಅದ ಏನ್ರಿ?"

ಅಮಸಿದ್ದಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅದೇನ ಇಲ್ಲ ಬಿಡ್ರಿ."

ತುಳಸಾಬಾಯಿ ಇದನ್ನು ಸುಮ್ಮನೆ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ, ಪಾಸಿನ ಮೇಲೆ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗ ಬಸ್ಸಿನ ಹಿಂದಿನ ಧೂಳಿನಲ್ಲಿ ಬೆರಳಿನಿಂದ "ಮಾರುವುದಿದೆ" ಎಂದು ಬರೆದು, ಕೆಳಗೆ ಅಧಿಕಾರಿಯೊಬ್ಬರ ಫೋನ್ ನಂಬರ್ ಹಾಕಿದ್ದ. ಕೊಳ್ಳುವವರ ಫೋನುಗಳು ನಿಜವಾಗಿಯೂ ಬಂದವು. ಪೊಲೀಸರು ಕರೆದೊಯ್ದು ಸಂಜೆಗೆ ಬಿಟ್ಟಿದ್ದರು, ಕೇಸೇನೂ ಆಗಲಿಲ್ಲ. ಆದರೆ ಮರ್ಯಾದೆ ಹೋಯಿತೆಂದು ತಂದೆ ಅವನನ್ನು ಕಾಲೇಜು ಬಿಡಿಸಿ ಕಬ್ಬು ಕಡಿಯುವವರ ಜೊತೆ ಕಳಿಸಿದ. ಆ ಹುಡುಗ ಮತ್ತೆ ಪಾಸು ಮಾಡಿಸಲು ಬರಲಿಲ್ಲ. ತುಳಸಾಬಾಯಿ ಮೈಕಿನ ಕೋಣೆಯಿಂದ ಪಾಸಿನ ಸಾಲಿನಲ್ಲಿ ಅವನ ಮುಖವನ್ನು ಎಷ್ಟೋ ದಿನ ಹುಡುಕುತ್ತಿದ್ದರು.

"ಹಂಗಂತ ಸುಮ್ಮನ ಬಿಡತೀರೇನು?" ಎಂದು ನೀಲಕಂಠ ರೇಗಿದರು.

"ಯಾರ ಬಿಡತಾರ?" ಎಂದರು ತುಳಸಾಬಾಯಿ. "ಏಯ್ ಹುಡುಗಿ, ಬಾ ಇಲ್ಲೆ. ಮೈಕ್ ಹಿಡಿ. ಈಗ ನಿನ್ನ ದನಿಯೊಳಗ ಮಾತಾಡು."

ಪೂರ್ವಾ ಮೈಕು ಹತ್ತಿರ ಎಳೆದುಕೊಂಡಳು. ತುಳಸಾಬಾಯಿಯ ದನಿ ಅಷ್ಟು ಸಲೀಸಾಗಿ ಬಂದವಳಿಗೆ ತನ್ನ ದನಿ ಹೊರಡಲಿಲ್ಲ. ಕೊನೆಗೆ ಹೇಳಿದಳು: "ಈಗ ಮಾತಾಡಿದಾಕಿ ನಾನು. ಬಾಯಾರ ಅಲ್ಲ. ಸುಳ್ಳ ಹೇಳಿದೆ. ಒಬ್ಬ ಅಜ್ಜಿಗೆ ಬಸ್ ತಪ್ಪಿತು. ತಪ್ಪ ಆತ್ರಿ." ಹೊರಗೆ ಈ ಸಲ ಯಾರೂ ನಗಲಿಲ್ಲ. ಯಾರೋ ಒಬ್ಬ ಮಾತ್ರ "ಆತು ಬಿಡವ್ವಾ" ಎಂದ.

ಅಷ್ಟಕ್ಕೇ ಮುಗಿಯಲಿಲ್ಲ. ವಿಶ್ವಾಸ ಬನಹಟ್ಟಿಯಿಂದ ಮೋಟಾರ್‌ಸೈಕಲ್ ಮೇಲೆ ಬಂದು ಮಗಳ ಮೇಲೆ ಕೈ ಎತ್ತಿದಾಗ ತುಳಸಾಬಾಯಿ ನಡುವೆ ನಿಂತರು. ಹುಡುಗಿಯರು ಇಂದ್ರವ್ವನ ಜೊತೆ ಬೀಳಗಿಗೆ ಹೋಗಿ, ಗಂಟು ಹೊತ್ತು ಮಗಳ ಮನೆಯ ತನಕ ಮುಟ್ಟಿಸಿ ಬರಬೇಕು ಎಂದರು, ತಾವೂ ರಜೆ ಹಾಕಿ ಜೊತೆಗೆ ಬರುವುದಾಗಿ ಹೇಳಿದರು. ವಿಶ್ವಾಸರಿಗೆ ಹೊಡೆತದ ಬದಲು ಇದು ಹಿಡಿಸಲಿಲ್ಲ, ಆದರೆ ಎದುರು ನಿಂತವರ ಮುಖ ನೋಡಿ ಹೂಂ ಅಂದರು. ಕಾವೇರಿಯ ತಾಯಿಯೂ ಫೋನಿನಲ್ಲಿ ಒಪ್ಪಿದರು. ಅಮಸಿದ್ದಪ್ಪ ಚಹಾ ಕುಡಿದು ಹೊರಟುಹೋದರು.

ಬೀಳಗಿ ಬಸ್ಸಿನಲ್ಲಿ ಇಂದ್ರವ್ವ ಮೊದಮೊದಲು ಹುಡುಗಿಯರ ಕಡೆ ನೋಡಲೇ ಇಲ್ಲ. ದಾರಿಯಲ್ಲಿ ಪೂರ್ವಾ ಮುದುಕಿಯ ಸೆರಗು ಹಿಡಿದು ಕೇಳಿದಳು, "ಆಯಿ, ಸಿಟ್ಟ ಇನ್ನೂ ಐತೇನು?"

"ಐತಿ," ಎಂದಳು ಇಂದ್ರವ್ವ. "ಗಂಟ ಸಿಕ್ಕ ಮ್ಯಾಲ ಕೇಳು."

ಗಂಟು ಸಿಕ್ಕಿತು. ಹಸಿರು ಸೀರೆಗೆ ಏನೂ ಆಗಿರಲಿಲ್ಲ. ಹುಡುಗಿಯರು ಸರದಿಯ ಮೇಲೆ ತಲೆಯ ಮೇಲಿಟ್ಟು ಹೊತ್ತರು. ಮಗಳ ಮನೆಯಲ್ಲಿ ಇಂದ್ರವ್ವ ನಡೆದದ್ದನ್ನು ಹೇಳುತ್ತ ಹೇಳುತ್ತ ತಾನೇ ನಗತೊಡಗಿದಳು. ಬಸುರಿ ಮಗಳು ಪೂರ್ವಾಳಿಂದ ಸಿಂಗಾಪುರದ ಬಸ್ಸನ್ನು ಇನ್ನೊಮ್ಮೆ ಹೇಳಿಸಬೇಕೆಂದು ಹಟ ಹಿಡಿದಳು. ಪೂರ್ವಾ ತುಳಸಾಬಾಯಿಯ ಮುಖ ನೋಡಿದಳು. "ಇಲ್ಲೆ ಮೈಕ್ ಇಲ್ಲಲಾ, ಹೇಳು," ಎಂದರು ಅವರು.

ಆದರೆ ಕಾವೇರಿ ಹಿಡಿದ ವಿಡಿಯೋ ಆಗಲೇ ಊರೆಲ್ಲ ಹರಿದಾಡಿತ್ತು. ಮೇಲಿನ ಅಧಿಕಾರಿಗಳು ಕಾರಣ ಕೇಳಿದರು. ನೀಲಕಂಠ ಈ ಸಲ ಮೆತ್ತಗೆ ಹೇಳಿದರು, "ಈಗರ ಒಂದು ಕಂಪ್ಲೇಂಟ್ ಬರದು ಒಗೀರಿ ಬಾಯಾರ. ಹುಡುಗ್ಯಾರು ಒಳಗ ನುಗ್ಗಿ ಮಾಡಿದ್ರು ಅಂತ ಆಗತೈತಿ. ಇಲ್ಲಂದ್ರ ಬಾಗಲಾ ತೆರದಿಟ್ಟದ್ದು ನಿಮ್ಮ ಮ್ಯಾಲೆ ಬರತೈತಿ. ನಾ ಏನೂ ಮಾಡಾಕ ಆಗೂದಿಲ್ಲ."

"ಬಾಗಲಾ ತೆರದಿಟ್ಟದ್ದು ಖರೆ ಅದ," ಎಂದರು ತುಳಸಾಬಾಯಿ. "ಅದಷ್ಟ ನನ್ನ ಮ್ಯಾಲೆ ಬರಲಿ."

ಹಾಗೆಯೇ ಬರೆದುಕೊಟ್ಟರು. ಎಚ್ಚರಿಕೆಯ ಪತ್ರ ಬಂತು, ಮೈಕಿನಿಂದ ತೆಗೆದು ಪಾಸು ಕೊಡುವ ಕಿಟಕಿಗೆ ಹಾಕಿದರು. ನೌಕರಿಯ ಕೊನೆಯ ವರ್ಷಗಳಲ್ಲಿ ಮೈಕು ಬಿಟ್ಟದ್ದು ಅವರಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಸ ಹುಡುಗನ ಚುರುಕು ದನಿ ಕೇಳಿಸಿದಾಗ ಮೊದಮೊದಲು ಪೆನ್ನು ನಿಲ್ಲುತ್ತಿತ್ತು. ನಿರ್ಧಾರದ ಬಗ್ಗೆ ಮಾತ್ರ ಒಂದು ದಿನವೂ ಎರಡನೇ ಮಾತು ಆಡಲಿಲ್ಲ.

ಬೇಸಿಗೆಯಲ್ಲಿ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯೊಬ್ಬರು ಕಿಟಕಿಯ ಹತ್ತಿರ ನಿಂತು ಕೇಳಿದರು, "ಸಿಂಗಾಪುರ ಬಸ್ಸಿನ ಬಾಯಾರು ನೀವೇ ಏನ್ರಿ? ನಾಳೆ ಮತ್ತ್ಯಾರರ ಹಂಗ ಮಾಡಿದ್ರ?"

"ಬಾಗಲಾ ಹಾಕೋದು ಕಲ್ತೇನ್ರಿ ಸಾಹೇಬ್ರ," ಎಂದರು ತುಳಸಾಬಾಯಿ. "ತಪ್ಪಿ ಯಾರರ ಒಳಗ ಬಂದ್ರ, ಮೊದಲ ಯಾರಿಗೆ ತ್ರಾಸ ಆತು ಅಂತ ನೋಡತೇನಿ. ಹುಡುಗ್ರನ್ನ ಅವರ ಮುಂದ ನಿಂದರಸತೇನಿ. ಠಾಣೆಗೆ ಕಳಸೂದಿಲ್ಲ."

ಅಧಿಕಾರಿ ಒಪ್ಪಿದರೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ, ಮುಂದಿನ ಕಿಟಕಿಗೆ ಹೋದರು. ಸಾಲಿನಲ್ಲಿ ಮುಂದೆ ನಿಂತಿದ್ದ ಹುಡುಗ ಗುರುತಿನ ಚೀಟಿ ಒಳಗೆ ಚಾಚಿದ. ಫೋಟೋದಲ್ಲಿ ಅವನು ನಾಲಿಗೆ ಹೊರಹಾಕಿ ನಗುತ್ತಿದ್ದ.

"ಲೇ, ಇದು ನಡೆಯೂದಿಲ್ಲ. ಬ್ಯಾರೆ ಫೋಟೋ ತಗೊಂಡು ಬಾ," ಎಂದು ತುಳಸಾಬಾಯಿ ಚೀಟಿ ವಾಪಸ್ ಕೊಟ್ಟರು. "ನಾಳೆ ಬಾ. ತಪ್ಪಸಬ್ಯಾಡ."