ಫ್ಲಾಸ್ಕಿನ ಮೇಲಿದ್ದ ಜೋಡಿ ಅಕ್ಷರ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಫ್ಲಾಸ್ಕು ಕೆಂಪಗಿತ್ತು ಎನ್ನುತ್ತೇನೆ ನಾನು, ಹಸಿರು ಎನ್ನುತ್ತಾಳೆ ಅಮ್ಮ. ನನಗಾಗ ಒಂಬತ್ತು ವರ್ಷ, ಅಥವಾ ಹತ್ತು. ಆದರೆ ಅದರ ಹೊಟ್ಟೆಯ ಮೇಲೆ ಬಂಗಾರದ ಬಣ್ಣದ ಉಬ್ಬು ಗುರುತೊಂದು ಇತ್ತು ಎಂಬುದರಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ಡಬ್ಬಿಯ ಮೇಲೆ ಡಬ್ಬಿ ಪೇರಿಸಿ, ತಲೆಗೆ ಲೆಕ್ಕದ ಕೂಡಿಸುವ ಚಿಹ್ನೆ ಸಿಕ್ಕಿಸಿದಂಥ ಆಕೃತಿ. ಅಂಥವು ಎರಡು, ಪಕ್ಕಪಕ್ಕ, ನಡುವೆ ಒಂದು ಗೆರೆಯಿಂದ ಕೂಡಿಕೊಂಡು.

ಫ್ಲಾಸ್ಕು ಬಂದದ್ದು ಕುರುಗೋಡಿನಿಂದ, ನನ್ನ ಸೋದರಮಾವನ ನಿಶ್ಚಿತಾರ್ಥದ ದಿನ, ಹಣ್ಣಿನ ತಟ್ಟೆಗಳ ಜೊತೆ. ಹುಡುಗಿಯ ಅಣ್ಣ ಮದ್ರಾಸಿನಿಂದ ತಂದಿದ್ದ ಚೀನಾ ಮಾಲು. ಸಿರುಗುಪ್ಪದ ರೈಸ್ ಮಿಲ್ಲುಗಳ ಸಾಲಿನಲ್ಲಿ ಮಾಮನ ವೆಲ್ಡಿಂಗ್ ಅಂಗಡಿಯಿತ್ತು. ಮದುವೆಗೆಂದು ಹೊಸ ಮನೆ ಏಳುತ್ತಿತ್ತು. ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಆ ಗುರುತನ್ನು ದೊಡ್ಡದಾಗಿ ಬರೆದುಕೊಂಡು, ಗೆರೆಗೆ ಸರಿಯಾಗಿ ಸರಳು ಕತ್ತರಿಸಿ ಬೆಸೆದು, ಮಾಮ ಒಂದೊಂದೇ ಕಿಟಕಿಗೆ ಕೂರಿಸಿದ. ಓಣಿಯವರಿಗೆ ಅದೊಂದು ಒಗಟಾಯಿತು. ಮಿಲ್ಲಿನ ಮಿಷಿನ್ನಿನ ಕಂಪನಿ ಹೆಸರೆಂದರು ಕೆಲವರು, ದೃಷ್ಟಿ ತಾಗದಿರಲೆಂದು ಯಾವುದೋ ಯಂತ್ರ ಬರೆಸಿದ್ದಾನೆಂದರು ಇನ್ನು ಕೆಲವರು. ಒಂದಕ್ಷರ ಓದದ ನಮ್ಮಜ್ಜಿ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, "ಗಂಡ ಹೆಂಡ್ತಿ ಕೈ ಹಿಡಕೊಂಡು ನಿಂತಾರ, ಅಷ್ಟೂ ಗೊತ್ತಾಗಂಗಿಲ್ಲೇನು?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದೆ ವಿಶ್ವವಿದ್ಯಾಲಯದಲ್ಲಿ ವಿನ್ಯಾಸದ ಇತಿಹಾಸ ಓದಿದೆ. ಆಸಕ್ತಿಯಿಂದಲ್ಲ; ಅದರ ತರಗತಿಗಳು ಬೆಳಿಗ್ಗೆ ಇರುತ್ತಿದ್ದವು, ಬಳ್ಳಾರಿಯ ಮಧ್ಯಾಹ್ನದ ಬಿಸಿಲು ತಪ್ಪುತ್ತಿತ್ತು. ಒಂದು ದಿನ ಚೀನಾದ ಹೊಸ ಕಟ್ಟಡಗಳ ಚಿತ್ರಗಳನ್ನು ತೋರಿಸುತ್ತಿದ್ದರು. ಗಾಜು ಕಾಂಕ್ರೀಟಿನ ಮೇಲೂ ಹಳೆಯ ಸೂರಿನ ಬಾಗು, ದಾರದ ಗಂಟು ಲಾಂಛನವಾದದ್ದು, ಹೋಟೆಲೊಂದರ ಉಕ್ಕಿನ ಬಾಗಿಲ ಮೇಲೆ... ನಮ್ಮ ಮಾಮನ ಕಿಟಕಿ! ಅದು ಜೋಡಿ ಸಂತೋಷವಂತೆ. ಸಂತೋಷ ಎಂಬ ಅಕ್ಷರವನ್ನೇ ಎರಡು ಸಲ ಸೇರಿಸಿ ಬರೆದು, ಮದುವೆ ಮನೆಯ ಬಾಗಿಲಿಗೆ ಕೆಂಪು ಕಾಗದದಲ್ಲಿ ಕತ್ತರಿಸಿ ಅಂಟಿಸುತ್ತಾರಂತೆ. ಮೇಷ್ಟ್ರು ಎರಡು ಗಂಟೆ ವಿವರಿಸಿದ್ದನ್ನು ಅಜ್ಜಿ ಒಂದು ನೋಟದಲ್ಲಿ ಓದಿದ್ದಳು. ಅಲ್ಲಿನ ತೋಟಗಳಲ್ಲಿ ಕಿಟಕಿ ಇಡುವುದು ಹೊರಗಿನ ನೋಟವನ್ನು ಕಡ ತರಲಿಕ್ಕೆ ಎಂದೂ ಹೇಳಿದರು. ಮಾಮನ ಕಿಟಕಿ ಕಡ ತಂದದ್ದು ಮಿಲ್ಲಿನ ಹೊಟ್ಟಿನ ರಾಶಿಯನ್ನು.

ಆ ಮದುವೆ ನಡೆಯುವ ಮೊದಲೇ ಮುರಿಯಿತು. ಯಾಕೆಂದು ನನಗೆ ಮೂರು ಕಾರಣ ಹೇಳಿದ್ದಾರೆ, ಮೂರು ಜನ. ಸೀರೆ, ಬೆಳ್ಳಿ, ಎಲ್ಲ ಕುರುಗೋಡಿಗೆ ವಾಪಸಾದವು. ಮಾಮ ಮತ್ತೆ ಮದುವೆಯ ಮಾತೆತ್ತಲಿಲ್ಲ. ಆ ಮನೆಯ ಕಿಟಕಿಗಳನ್ನು ನೆನೆಯುವಾಗ ನನಗೆ ಇನ್ನೊಂದು ಕಾಣುತ್ತದೆ: ಎಲ್ಲ ಕಿಟಕಿಯಲ್ಲೂ ಅಕ್ಷರ ಜೋಡಿಯಾಗಿತ್ತು; ಮಾಮನ ಕೋಣೆಯದರಲ್ಲಿ ಮಾತ್ರ ಅರ್ಧ. ಒಂದೇ ಸಂತೋಷ, ಉಳಿದದ್ದು ಬರೀ ನೆಟ್ಟಗಿನ ಸರಳು. ನಿಜವಾಗಿ ಹಾಗಿತ್ತೋ, ಅರ್ಥ ತಿಳಿದ ಮೇಲೆ ನನ್ನ ನೆನಪೇ ಅರ್ಧ ಅಳಿಸಿತೋ? ಅಮ್ಮನನ್ನು ಕೇಳಿದರೆ, "ಸರಳು ಸಾಲಲಿಲ್ಲ ಅಂತಿದ್ದ" ಎನ್ನುತ್ತಾಳೆ. ಫ್ಲಾಸ್ಕನ್ನು ಹಸಿರು ಎನ್ನುವವಳ ಸಾಕ್ಷಿ ಅದು.

ಹೋದ ತಿಂಗಳು ನೋಡಿಯೇಬಿಡೋಣ ಎಂದು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಹೊರಟು ಸಿರುಗುಪ್ಪದ ಬಸ್ಸು ಹತ್ತಿದೆ. ಮನೆಗೆ ಹೊಸ ಬಣ್ಣ, ಎಲ್ಲ ಕಡೆ ಅಲ್ಯೂಮಿನಿಯಂ ಜಾರುಕಿಟಕಿ.

"ಹಳೇವು ಎಲ್ಲಿ ಮಾಮಾ?"

"ತುಕ್ಕು ಹಿಡಿದಿದ್ವು, ಗುಜರಿಗೆ ಹಾಕಿದೆ. ಯಾಕ, ನಿನ್ನ ಮದುವಿಗೆ ಬೇಕಾಗಿದ್ವೇನು?"

ಅಕ್ಷರದ ಅರ್ಥ ಹೇಳಿದೆ. ಕೇಳಿ ಜೋರಾಗಿ ನಕ್ಕ. "ಅಷ್ಟು ದೊಡ್ಡ ಸಾಲಿ ಕಲ್ತು ಕಡಿಗೆ ಫ್ಲಾಸ್ಕ್ ಓದಾಕ ಬಂತನ್ನು!"

ನಗುತ್ತಲೇ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೂಲೆಯಲ್ಲಿ ಆ ಫ್ಲಾಸ್ಕು ನಿಂತಿತ್ತು. ಒಳಗಿನ ಗಾಜು ಎಂದೋ ಒಡೆದಿತ್ತು. ತಗಡಿನ ಹೊರಕವಚದೊಳಗೆ ವೆಲ್ಡಿಂಗ್ ಕಡ್ಡಿಗಳು ಊದುಬತ್ತಿಯಂತೆ ನಿಂತಿದ್ದವು. ಬಣ್ಣವೆಲ್ಲ ಹೋಗಿ, ಕೆಂಪೋ ಹಸಿರೋ ಹೇಳಲು ಬರುವಂತಿರಲಿಲ್ಲ. ವಾಪಸು ಹೋಗದೆ ಉಳಿದದ್ದು ಇದೊಂದೇ. ದಿನಾ ಕೈ ತಾಗಿ ತಾಗಿ ಗುರುತೂ ಸವೆದಿತ್ತು, ಬೆರಳಾಡಿಸಿದರಷ್ಟೇ ಸಿಗುವಷ್ಟು.

ಮಾಮ ಒಂದು ಕಡ್ಡಿ ಎಳೆದುಕೊಂಡು ಕೆಲಸಕ್ಕೆ ಬಗ್ಗಿದ. ಮುಖದ ಮುಂದೆ ಕಪ್ಪು ಗಾಜು ಹಿಡಿಯುವ ಮೊದಲು ಕೇಳಿಬಿಡಬೇಕೆಂದು ಅವಸರದಲ್ಲಿ ಕೇಳಿದೆ:

"ಮಾಮಾ, ನಿನ್ನ ಕೋಣಿ ಕಿಟಕ್ಯಾಗ ಅರ್ಧಾನೇ ಇತ್ತಲ್ಲ, ಅದು ಸರಳು ಸಾಲದ್ದಕ್ಕೋ, ಬೇಕಂತ ಬಿಟ್ಟಿದ್ದೋ?"