ಅಟ್ಟದ ಮೇಲಿದ್ದ ಕಟ್ಟು

ಹೋದ ವಾರ ಪಕ್ಕದ ಮನೆಯವರು ಅಟ್ಟದಿಂದ ಕೊಬ್ಬರಿ ಇಳಿಸಿದರು. ಹೊಗೆ ಹಿಡಿದ ಕೊಬ್ಬರಿಯ ವಾಸನೆ ನಮ್ಮ ಜಗಲಿಗೂ ಬಂತು. ಆ ಮನೆಯ ಅಯ್ಯನವರು ತೀರಿಕೊಂಡು ಐದು ವರ್ಷವಾಯಿತು. ಅಲ್ಲಿ ಚೀಲ ಇಳಿಸಿದರೆ ನನಗೆ ಈಗಲೂ ದಿಗಿಲು...

ಅವರ ಬಳಿ ವೈದ್ಯದ ಪದ್ಯಗಳಿದ್ದ ತಾಳೆಗರಿಯ ಕಟ್ಟೊಂದಿತ್ತು. ಹೊಗೆಯಿದ್ದರೆ ಹುಳು ಬೀಳದೆಂದು ಅದನ್ನು ಗೋಣಿಯಲ್ಲಿ ಸುತ್ತಿ ಅಟ್ಟದ ಕಾಯಿಗಳ ನಡುವೆ ಇಟ್ಟಿದ್ದರು. ಪದ್ಯಗಳೆಲ್ಲ ಅವರಿಗೆ ಕಂಠಪಾಠ. ಆದರೂ ಯಾರು ಮದ್ದು ಕೇಳಿ ಬಂದರೂ ಏಣಿ ಹತ್ತಿ, ಕಟ್ಟು ಇಳಿಸಿ, ಗರಿ ಹುಡುಕಿ ಓದಿದ ಮೇಲೆಯೇ ಅಳತೆ ಹೇಳುತ್ತಿದ್ದರು.

"ಇಷ್ಟು ವರ್ಷ ಓದಿದ್ರೂ ಬಾಯಿಗೆ ಬರ್ಲಿಲ್ವಾ ಅಯ್ನೋರೇ?" ಎಂದು ಅಮ್ಮ ಛೇಡಿಸುತ್ತಿದ್ದಳು.

"ಬಂದೈತೆ ಕಣವ್ವ. ಅದಕ್ಕೇ ನೋಡ್ತೀನಿ."

ನನಗದು ಅರ್ಥವಾಗುತ್ತಿರಲಿಲ್ಲ.

ಆ ಕಟ್ಟು ಕೈತಪ್ಪಿದ ದಿನ, ನನ್ನ ದಿನಚರಿಯ ಪ್ರಕಾರ, ಬುಧವಾರ. ನಾನು ಕಾಲೇಜಿಗೆ ಹೊರಟಿದ್ದೆ. ನೊಣವಿನಕೆರೆಯಲ್ಲಿ ಬಸ್ಸು ಕದಲುವಾಗ ಅಯ್ಯನವರು ಬರಿಗಾಲಲ್ಲಿ ಓಡಿಬಂದು ಹತ್ತಿದರು. ಹಿಂದಿನ ಸಂಜೆ ಅವರ ಮಗ ಕರಟದ ಚೀಲಗಳನ್ನು ತಿಪಟೂರಿನ ಇದ್ದಿಲು ಗೂಡಿಗೆ ಕಳಿಸಿದ್ದ. ಅವುಗಳ ಜೊತೆ ಅಟ್ಟದಲ್ಲಿದ್ದ ಆ ಗೋಣಿಯೂ ತಿಳಿಯದೆ ಹೋಗಿತ್ತು. ದಾರಿಯುದ್ದಕ್ಕೂ ಅವರು ಕೂರಲಿಲ್ಲ. ಬಸ್ಸು ನಿಂತಾಗಲೆಲ್ಲ ನಾನು ಗಡಿಯಾರ ನೋಡಿಕೊಂಡೆ. ಇಳಿದ ಮೇಲೆ ಕಾಲೇಜು ಬಿಟ್ಟು ಅವರ ಹಿಂದೆಯೇ ನಡೆದೆ.

ಗೂಡಿನವನು ತಲೆ ಕೆರೆದುಕೊಂಡ. "ಒಣಗರಿ ಅಂತ ಬೆಳಿಗ್ಗೆ ಉರಿ ಹೊತ್ಸೋಕೆ ಹಾಕ್ಬುಟ್ನಲ್ಲಾ ಅಯ್ನೋರೇ..."

ತೆಂಗಿನ ಸೀಮೆಯಲ್ಲಿ ಒಣಗಿದ ಗರಿಯಿಂದ ಬೇರೇನು ಮಾಡುತ್ತಾರೆ? ಅಯ್ಯನವರು ಅವನನ್ನು ಬೈಯಲಿಲ್ಲ.

ವಾಪಸು ಬರುವಾಗ ನಾನೇ ಸಮಾಧಾನ ಹೇಳಿದೆ. "ನಿಮಗೆ ಎಲ್ಲಾ ಬಾಯಿಗೇ ಬರ್ತದಲ್ಲ. ಹೇಳಿ, ಬರ್ಕೊಳ್ತೀನಿ."

"ಬತ್ತದೆ ಕಣವ್ವ. ನಾನು ತಪ್ಪಿದ್ರೆ ತಪ್ಪು ಅನ್ನೋಕೆ ಇನ್ಯಾರವ್ರೆ?"

ಆಮೇಲೆ ಅವರು ಯಾರಿಗೂ ಮದ್ದು ಹೇಳಲಿಲ್ಲ. ಬಂದವರಿಗೆ ಕೈ ಮುಗಿದು ಆಸ್ಪತ್ರೆಯ ದಾರಿ ತೋರಿಸುತ್ತಿದ್ದರು. ವಿದ್ಯೆ ಹೆಚ್ಚಿದಷ್ಟೂ ಧೈರ್ಯ ಹೆಚ್ಚುತ್ತದೆ ಎಂದುಕೊಂಡಿದ್ದ ನನಗೆ ಅವರನ್ನು ನೋಡಲು ಭಯವಾಗುತ್ತಿತ್ತು.

ಈಗ ಅಮ್ಮನಿಗೆ ಮಂಡಿನೋವು. ಕೊಬ್ಬರಿಯ ವಾಸನೆ ಬಂದ ಸಂಜೆಯೇ ಅಯ್ಯನವರು ನೋವಿಗೆ ಹಾಕಿಸುತ್ತಿದ್ದ ಪಟ್ಟಿನ ಮಾತು ತೆಗೆದಳು.

"ಎಣ್ಣೆಗೆ ಎಕ್ಕದ ಹಾಲು ನಾಕು ತೊಟ್ಟು ಕಣೇ. ನಂಗೆ ಚೆನ್ನಾಗಿ ನೆಪ್ಪೈತೆ."

"ಎರಡಮ್ಮ. ಹೆಚ್ಚಾದ್ರೆ ಚರ್ಮ ಸುಟ್ಟೋಗ್ತದೆ ಅಂದಿದ್ರು."

ಇಬ್ಬರಿಗೂ ಅನುಮಾನವೇ ಇರಲಿಲ್ಲ. ಪಕ್ಕದ ಮನೆಯ ಗೋಡೆಗೆ ಒರಗಿಸಿದ್ದ ಏಣಿಯನ್ನು ಇಬ್ಬರೂ ನೋಡಿದೆವು.

"ಬುಡು, ಆಸ್ಪತ್ರೆಗೇ ಹೋಗಾನ," ಎಂದಳು ಅಮ್ಮ.