ಅಂಜಲ್ ಮೇಲಿನ ಅನುಮಾನ

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ನಮ್ಮ ಮನೆಗೆ ಟೀವಿ ಬಂದಾಗ ಮಾವನವರು ಹಾಕಿದ್ದು ಒಂದೇ ಷರತ್ತು. ಮೀನು ಮಾಂಸ ತೋರಿಸಿದರೆ ಪೆಟ್ಟಿಗೆ ಮನೆಯಲ್ಲಿರಬಾರದು. ಅವರು ದೇವಸ್ಥಾನದ ಅರ್ಚಕರು. ಕಣ್ಣಿಗೆ ಪೊರೆ ಬಂದಿತ್ತು. ಜಗುಲಿಯಲ್ಲಿ ಕೂತು ಬರೀ ಕೇಳುತ್ತಿದ್ದರು.

ಆ ವರ್ಷ ವಾರಕ್ಕೊಮ್ಮೆ ಒಂದು ಕೊಲೆಯ ಧಾರಾವಾಹಿ ಬರುತ್ತಿತ್ತು. ಕರಾವಳಿಯ ಮೀನು ಕಾರ್ಖಾನೆಯೊಂದರಲ್ಲಿ, ಮಂಜುಗಡ್ಡೆಯ ರಾಶಿಯೊಳಗೆ ಯಜಮಾನನ ಹೆಣ ಸಿಕ್ಕಿತ್ತು. ತೆರೆಯ ತುಂಬ ಮೀನಿನ ಬುಟ್ಟಿಗಳು. ನಾನು ಮುಖ ತಿರುಗಿಸಿದೆ. ಅತ್ತೆ ಮಾತ್ರ ಕದಲಲಿಲ್ಲ.

"ಎಲ್ಲೇ ನಡೆಯೋದು ಇದು?" ಎಂದು ಮಾವನವರು ಕೇಳಿದರು.

"ಐಸ್ ಫ್ಯಾಕ್ಟರೀಲಿ" ಎಂದರು ಅತ್ತೆ. ಸುಳ್ಳೇನೂ ಅಲ್ಲ.

ಅತ್ತೆಯ ಪುಣ್ಯಕ್ಕೆ, ಧಾರಾವಾಹಿಯ ವ್ಯಾಪಾರಿಗಳು ಮೀನು ಎನ್ನುತ್ತಲೇ ಇರಲಿಲ್ಲ. ಆಯಾ ಮೀನಿನ ಜಾತಿಯ ಹೆಸರು ಹಿಡಿದೇ ಮಾತಾಡುತ್ತಿದ್ದರು. "ಬೂತಾಯಿ ಬಂತಾ ಮಾರಾಯ್ರೆ?" ಎಂದು ಒಬ್ಬ ಕೂಗಿದಾಗ ಜಗುಲಿಯಲ್ಲಿ ಮಾವನವರು ಕೈ ಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. "ನೋಡು, ಕೊಲೆಯಾದ ಮನೇಲೂ ಭೂಮಿತಾಯೀನ ಮರೆತಿಲ್ಲ" ಎಂದರು.

ಅಂಜಲ್ ಎಂಬ ಹೆಸರೂ ಪದೇ ಪದೇ ಬರುತ್ತಿತ್ತು. ಅದು ಸತ್ತ ಯಜಮಾನನ ಮನೆಗೆ ಉತ್ತರದ ಕಡೆಯಿಂದ ತಂದ ಸೊಸೆ ಎಂದು ಅವರು ತೀರ್ಮಾನಿಸಿದರು. "ಒಂದು ಮಾತೂ ಆಡಲ್ಲ ನೋಡು ಅವಳು. ಅವಳೇ ಕಣೇ ಕೊಂದಿರೋದು."

"ಇದ್ರೂ ಇರಬಹುದು" ಎನ್ನುತ್ತಿದ್ದರು ಅತ್ತೆ, ತೆರೆಯಿಂದ ಕಣ್ಣು ಕೀಳದೆ.

ಕೊನೆಯ ಕಂತಿನ ಸಂಜೆ, ಉಡುಪಿಯ ಬ್ಯಾಂಕಿನಲ್ಲಿದ್ದ ನನ್ನ ಮೈದುನ ರಜೆಗೆ ಬಂದಿದ್ದ. ಜಾಹೀರಾತು ಬಂದಾಗ ಮಾವನವರು ಅವನನ್ನು ಕೇಳಿದರು, "ಅಂಜಲ್ ಇವತ್ತಾದರೂ ಸಿಕ್ಕಿಬೀಳ್ತಾಳೇನೋ?"

ಅತ್ತೆ ಕಣ್ಸನ್ನೆ ಮಾಡಿದರು. ಅವನು ನೋಡಲಿಲ್ಲ.

"ಸಿಕ್ಕಿಬೀಳ್ತಾಳಾ? ಅಪ್ಪಾ, ಅಂಜಲ್ ಅಂದ್ರೆ ಮೀನು!"

"ಮತ್ತೆ ಭೂತಾಯಿ?"

"ಅದೂ ಮೀನೇ. ಸಣ್ಣದು."

ಅತ್ತೆಯ ಕೈಯಲ್ಲಿದ್ದ ಹೂಬತ್ತಿ ಅರ್ಧಕ್ಕೇ ನಿಂತಿತು. ಮಾವನವರು ಎದ್ದರು. ಗೋಡೆ ಹಿಡಿದು ನಿಧಾನವಾಗಿ ಒಳಗೆ ಬಂದು ಟೀವಿಯ ಮುಂದೆ ನಿಂತರು.

"ಹಾಗಾದ್ರೆ ಕೊಂದದ್ದು ಯಾರು?"

ಜಾಹೀರಾತು ಮುಗಿದು ಕಡಲಿನ ಸದ್ದು ಶುರುವಾಯಿತು.

"ಮೈಲಿಗೆ ಆಗೇಹೋಯ್ತು, ಹೇಗೂ ಸ್ನಾನ ಮಾಡ್ಲೇಬೇಕು" ಎಂದು ಮಾವನವರು ಅತ್ತೆಯ ಪಕ್ಕದಲ್ಲೇ ಕೂತರು. "ಮುಗೀಲಿ, ಒಟ್ಟಿಗೆ ಮಾಡ್ತೀನಿ. ಸ್ವಲ್ಪ ಜೋರಾಗಿಡು."